“ನನ್ನನ್ನು ಯಾಕೆ ಹಿಡಿದಿರಿ?”

ಬಂಟ್ವಾಳದ ಕಡೆಯ ಸೋದರಿಯರಿಗೆ ಮೆಲ್ಕಾರನ್ನು ಪರಿಚಯಿಸಬೇಕಾಗಿಲ್ಲ. ನೇತ್ರಾವತಿ ದಾಟಿ, ಪಾಣೆಮಂಗಳೂರು ಕಳೆದು, ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಊರು. ಅಲ್ಲಿ ಬಸ್ಸಿಗೆ ಕಾಯುವಾಗ ಒಮ್ಮೆ ಘಟ್ಟದ ದಿಕ್ಕಿಗೆ ನೋಡಿ. 1784ರಲ್ಲಿ ಕೆನರಾದ ಕ್ರೈಸ್ತ ಕುಟುಂಬಗಳನ್ನು ಟಿಪ್ಪು ಸುಲ್ತಾನನ ಸೈನಿಕರು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಇಂಗ್ಲಿಷರೊಡನೆ ಯುದ್ಧ, ಇವರು ಶತ್ರುವಿಗೆ ನೆರವಾದರೆಂಬ ಆಪಾದನೆ. 30,000 ಜನ ಎನ್ನುವವರೂ ಉಂಟು, 60,000 ಎನ್ನುವವರೂ ಉಂಟು. ಯಾರೋ ಕೆಲವರು ನೆರವಾಗಿದ್ದರೂ ಇರಬಹುದು. ಆದರೆ ತೊಟ್ಟಿಲ ಮಗು ಯಾರಿಗೆ ನೆರವಾಗಿತ್ತು? ದಾರಿಯಲ್ಲೂ ಸೆರೆಯಲ್ಲೂ ಸತ್ತವರು ಬಹಳ. ಬದುಕಿದವರಿಗೆ ಬಿಡುಗಡೆಯಾದದ್ದು 1799ರಲ್ಲಿ, ಸುಲ್ತಾನ ಮಡಿದ ಮೇಲೆ. ಹದಿನೈದು ವರ್ಷ! ಕೇಳೋಣವೆಂದರೆ ಆಗ ಕೋರ್ಟು ಎಲ್ಲಿತ್ತು?

ಕೋರ್ಟು ಇದ್ದ ದೇಶದಲ್ಲೂ ಹೀಗಾಯಿತು ನೋಡಿ. 1942ರಲ್ಲಿ, ಜಪಾನಿನೊಡನೆ ಯುದ್ಧ ನಡೆದಾಗ, ಅಮೆರಿಕದ ಸರಕಾರ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮುಳ್ಳುತಂತಿಯ ಶಿಬಿರಗಳಿಗೆ ತುಂಬಿತು. ಹೆಚ್ಚಿನವರು ಅಲ್ಲಿಯೇ ಹುಟ್ಟಿದ ಪ್ರಜೆಗಳು. ಅವರಲ್ಲಿ ಮಿತ್ಸುಯೆ ಎಂಡೊ ಎಂಬ ಟೈಪಿಸ್ಟ್ ಹುಡುಗಿ ಒಬ್ಬಳು. ಅವಳು ಜಪಾನನ್ನು ಕಂಡವಳೇ ಅಲ್ಲ. ಅಣ್ಣನೊ ತಮ್ಮನೊ ಅಮೆರಿಕದ ಸೈನ್ಯದಲ್ಲೇ ಇದ್ದ. ವಕೀಲರ ಮೂಲಕ ಅವಳು ಕೋರ್ಟಿಗೆ ಅರ್ಜಿ ಹಾಕಿಸಿದಳು: ತಪ್ಪಿಲ್ಲದ ನನ್ನನ್ನು ಯಾವ ಕಾನೂನಿನಿಂದ ಹಿಡಿದಿಟ್ಟಿದ್ದೀರಿ?

ಸರಕಾರಕ್ಕೆ ಇದು ಬಿಸಿತುಪ್ಪ. “ಊರಿಗೆ ಮರಳುವುದಿಲ್ಲ ಎಂದು ಒಪ್ಪಿಕೋ, ಬಿಟ್ಟುಬಿಡುತ್ತೇವೆ” ಎಂದಿತು. ಹೊರಗೆ ಬಂದರೆ ಮೊಕದ್ದಮೆ ಬಿದ್ದುಹೋಗುತ್ತದೆ, ಒಳಗಿರುವ ಉಳಿದವರ ಗತಿ? ಒಲ್ಲೆನೆಂದು ಶಿಬಿರದಲ್ಲೇ ಉಳಿದಳು. ನೀವೇ ಹೇಳಿ, ತೆರೆದ ಬಾಗಿಲನ್ನು ಬಿಟ್ಟು ಕೂರುವುದು ಸುಲಭವೇ? 1944ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟಿನ ನ್ಯಾಯಾಧೀಶರೆಲ್ಲ ಅವಳ ಪರವಾಗಿ ತೀರ್ಪಿತ್ತರು. ವಿಚಿತ್ರವೆಂದರೆ ಅದೇ ದಿನ, ಶಿಬಿರಕ್ಕೆ ಹೋಗದೆ ತಪ್ಪಿಸಿಕೊಂಡಿದ್ದ ಫ್ರೆಡ್ ಕೊರೆಮಾತ್ಸು ಎಂಬಾತ ಅಲ್ಲಿಯೇ ಸೋತ. ಅವನ ಮೇಲಿನ ಶಿಕ್ಷೆ ರದ್ದಾಗಲು 1983 ಬರಬೇಕಾಯಿತು. 1988ರಲ್ಲಿ ಸರಕಾರ ಕ್ಷಮೆ ಕೇಳಿ, ಬದುಕಿದ್ದವರಿಗೆ ತಲಾ 20,000 ಡಾಲರ್ ಕೊಡುವ ಕಾನೂನು ಮಾಡಿತು.

ನಮ್ಮಲ್ಲಿಯೂ ಈ ಅರ್ಜಿ ಉಂಟು, ಹೇಬಿಯಸ್ ಕಾರ್ಪಸ್ ಎನ್ನುತ್ತಾರೆ. ಒಳಗಿರುವವನೇ ಹಾಕಬೇಕೆಂದಿಲ್ಲ, ತಾಯಿಯೋ ಹೆಂಡತಿಯೋ ಹೈಕೋರ್ಟಿಗೆ ಹಾಕಬಹುದು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ ಏಪ್ರಿಲ್‌ನಲ್ಲಿ, ನಮ್ಮ ಸುಪ್ರೀಂ ಕೋರ್ಟು ಈ ಬಾಗಿಲನ್ನೇ ಮುಚ್ಚಿತ್ತು. ಬೇಡವೆಂದವರು ಐವರಲ್ಲಿ ಒಬ್ಬರೇ, ನ್ಯಾಯಮೂರ್ತಿ ಎಚ್. ಆರ್. ಖನ್ನಾ. ಆ ತೀರ್ಪು ತಪ್ಪೆಂದು ಸುಪ್ರೀಂ ಕೋರ್ಟೇ 2017ರಲ್ಲಿ ಹೇಳಿತು.