ಇರಲಿ, ಬೇಕಾದೀತು

1990ರ ದಶಕದ ಆರಂಭ. ಅಮೆರಿಕದ ಸ್ಮಿತ್ ಕಾಲೇಜಿನಲ್ಲಿ ಪ್ರಾಧ್ಯಾಪಕ ರ‍್ಯಾಂಡಿ ಫ್ರಾಸ್ಟ್ ಗೀಳು ಕಾಯಿಲೆಯ ಪಾಠ ಮಾಡುತ್ತಿದ್ದರು. ಪದೇಪದೇ ಕೈ ತೊಳೆಯುವವರ, ಬೀಗ ಎಳೆದೆಳೆದು ನೋಡುವವರ ಬಗ್ಗೆ ಇಷ್ಟೊಂದು ಸಂಶೋಧನೆ ಇದೆ, ಮನೆ ತುಂಬ ಸಾಮಾನು ಪೇರಿಸಿಕೊಳ್ಳುವವರ ಬಗ್ಗೆ ಯಾಕಿಲ್ಲ ಎಂದು ರೇಚಲ್ ಗ್ರಾಸ್ ಎಂಬ ವಿದ್ಯಾರ್ಥಿನಿ ಕೇಳಿದಳು. ಅಂಥವರು ತೀರಾ ಅಪರೂಪ ಎಂದರು ಮೇಷ್ಟ್ರು. ಅವಳು ಬಿಡಲಿಲ್ಲ. ಏನನ್ನೂ ಬಿಸಾಡಲಾಗದವರು ಸಂಪರ್ಕಿಸಿ ಎಂದು ಇಬ್ಬರೂ ಸೇರಿ ಸ್ಥಳೀಯ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ನೂರಕ್ಕೂ ಹೆಚ್ಚು ಫೋನ್ ಬಂದವು!

ಅಲ್ಲಿಯವರೆಗೆ ಜನರಿಗೆ ಗೊತ್ತಿದ್ದದ್ದು ನ್ಯೂಯಾರ್ಕಿನ ಕಾಲಿಯರ್ ಸಹೋದರರಂಥ ವಿಚಿತ್ರ ಕತೆಗಳು. 1947ರಲ್ಲಿ ಆ ಇಬ್ಬರೂ ತಮ್ಮದೇ ಸಾಮಾನಿನ ನಡುವೆ ಸತ್ತರು. ಹೊರತೆಗೆದ ರಾಶಿ ನೂರು ಟನ್ನಿಗೂ ಹೆಚ್ಚು. ಕುರುಡನಾದ ಅಣ್ಣನಿಗೆ ಕಣ್ಣು ಬಂದ ಮೇಲೆ ಓದಲಿ ಎಂದು ತಮ್ಮ ವರ್ಷಗಟ್ಟಲೆ ದಿನಪತ್ರಿಕೆ ಕೂಡಿಟ್ಟಿದ್ದ. ಊರು ನಕ್ಕಿತು. ನನಗಂತೂ ಆ ಕಾರಣದಲ್ಲಿ ಹುಚ್ಚಿಗಿಂತ ಅಕ್ಕರೆಯೇ ಹೆಚ್ಚು ಕಾಣುತ್ತದೆ.

ಫ್ರಾಸ್ಟ್ ಮತ್ತು ಗ್ರಾಸ್ 1993ರಲ್ಲಿ ಪ್ರಕಟಿಸಿದ ಲೇಖನ ಹಲವು ಊಹೆಗಳನ್ನು ಕೆಡವಿತು. ಬಡತನ ಕಂಡವರು ಕೂಡಿಡುತ್ತಾರೆ ಎಂಬ ಮಾತಿಗೆ ಆಧಾರ ಸಿಗಲಿಲ್ಲ. ಇವರು ಇಟ್ಟುಕೊಂಡದ್ದು ನಾವೆಲ್ಲ ಇಟ್ಟುಕೊಳ್ಳುವ ವಸ್ತುಗಳನ್ನೇ, ಪ್ರಮಾಣ ಮಾತ್ರ ವಿಪರೀತ. ಎದ್ದು ಕಂಡದ್ದು ಬೇರೆ: ಎಲ್ಲೂ ತಪ್ಪಾಗಬಾರದೆಂಬ ಹಟ, ಏನನ್ನೂ ತೀರ್ಮಾನಿಸಲಾಗದ ಒದ್ದಾಟ. ಸೋಮಾರಿತನ ಎಂದು ಬೈಯುವ ಮನೆಯವರು ಇದನ್ನು ಓದಬೇಕು.

2012ರಲ್ಲಿ ಡೇವಿಡ್ ಟಾಲಿನ್ ತಂಡ ಇಂಥವರ ಮೆದುಳನ್ನು ಸ್ಕ್ಯಾನ್ ಮಾಡುತ್ತಲೇ, ಈ ಕಾಗದ ಇರಲೋ ಹರಿಯಲೋ ಎಂದು ಕೇಳಿತು. ಬೇರೆಯವರ ಕಾಗದವಾದರೆ ಮೆದುಳಿನ ಕೆಲವು ಭಾಗಗಳು ಇತರರಿಗಿಂತ ಮಂಕಾಗಿದ್ದವು. ತಮ್ಮದೇ ಟಪಾಲು ಬಂದಾಗ ಅವೇ ಭಾಗಗಳು ವಿಪರೀತ ಚುರುಕಾದವು. ಮರುವರ್ಷ ಅಮೆರಿಕದ ಮನೋವೈದ್ಯರ ಕೈಪಿಡಿ ಈ ಕೂಡಿಡುವಿಕೆಯನ್ನು ಗೀಳಿನಿಂದ ಬೇರ್ಪಡಿಸಿ ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿತು.

ಚಿಕಿತ್ಸೆಯೂ ಈ ತಿಳಿವಿನಿಂದಲೇ ಬಂತು. ಕೂಡಿಟ್ಟವರು ಇಲ್ಲದಾಗ ಲಾರಿ ತರಿಸಿ ಮನೆ ಖಾಲಿ ಮಾಡಿದರೆ ನಂಬಿಕೆ ಹೋಗುತ್ತದೆ, ರಾಶಿ ಮತ್ತೆ ಬೆಳೆಯುತ್ತದೆ. ಫ್ರಾಸ್ಟ್ ಮತ್ತು ಬಾಸ್ಟನ್ನಿನ ಗೇಲ್ ಸ್ಟೆಕೆಟಿ ರೂಪಿಸಿದ ಕ್ರಮದಲ್ಲಿ ಚಿಕಿತ್ಸಕರು ಮನೆಗೂ ಹೋಗುತ್ತಾರೆ. ಒಂದೊಂದೇ ವಸ್ತು ಎತ್ತಿ, ಇದನ್ನು ಬಿಟ್ಟರೆ ಏನಾದೀತು ಎಂದು ವಿಚಾರಿಸುತ್ತಾರೆ. ಇಡುವುದೋ ಬಿಡುವುದೋ, ತೀರ್ಮಾನ ಮನೆಯೊಡೆಯರದೇ. ಒಂದು ಪ್ರಯೋಗದಲ್ಲಿ ಇದಕ್ಕೆ 26 ಭೇಟಿಗಳು ಬೇಕಾದವು. ಬಹುಪಾಲು ಜನ ಸುಧಾರಿಸಿದರು, ಆದರೂ ಕೆಲವರ ಮನೆಯಲ್ಲಿ ರಾಶಿ ಪೂರ್ತಿ ಕರಗಲಿಲ್ಲ.