ಒಕ್ಕೂಟ ಬಿಟ್ಟ ಮೇಲೆ: ಗಡಿ, ಸರಕು ಮತ್ತು ತಗಾದೆ

ಪಿರಿಯಾಪಟ್ಟಣದಿಂದ ಮಡಿಕೇರಿಯ ಕಡೆಗೆ ಬಸ್ಸಿನಲ್ಲಿ ಹೋಗುವಾಗ ಬೈಲಕುಪ್ಪೆ ಕಳೆದು ಕೊಪ್ಪದ ಬಳಿ ಕಾವೇರಿಯ ಸೇತುವೆ ಸಿಗುತ್ತದೆ. ಈಚೆ ದಡದಲ್ಲಿ ಮೈಸೂರು ಜಿಲ್ಲೆ, ಆಚೆ ದಡದಲ್ಲಿ ಕೊಡಗಿನ ಕುಶಾಲನಗರ. ಬಸ್ಸು ನಿಲ್ಲುವುದಿಲ್ಲ, ಚೀಲ ಬಿಚ್ಚಿ ತೋರಿಸಿ ಎಂದು ಯಾರೂ ಕೇಳುವುದಿಲ್ಲ. ಆದರೆ 1956ರ ಅಕ್ಟೋಬರ್ 31ರವರೆಗೆ ಆಚೆ ದಡ ಬೇರೆಯೇ ಒಂದು ರಾಜ್ಯವಾಗಿತ್ತು. ಕುಶಾಲನಗರಕ್ಕೆ ಫ್ರೇಜರ್‌ಪೇಟೆ ಎಂಬ ಹೆಸರೂ ಇತ್ತು. ಸ್ವಾತಂತ್ರ್ಯಕ್ಕೆ ಮೊದಲಂತೂ ಈಚೆಗೆ ಮಹಾರಾಜರ ಆಳ್ವಿಕೆ, ಆಚೆಗೆ ಬ್ರಿಟಿಷರ ನೇರ ಆಡಳಿತ. ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರಿದ್ದರೆ ಕೇಳಿ ನೋಡಿ, ಅವರಿಗೆ ನೆನಪಿದ್ದೀತು.

ಇನ್ನೊಂದು ಗಡಿ ಎಚ್.ಡಿ. ಕೋಟೆ ತಾಲ್ಲೂಕಿನ ಬಾವಲಿಯಲ್ಲಿದೆ. ಅಲ್ಲಿಯೂ ಒಂದು ಸೇತುವೆ. ದಾಟಿದರೆ ಕೇರಳದ ವಯನಾಡು ಜಿಲ್ಲೆ. ಕರ್ನಾಟಕದಲ್ಲಿ 2007ರಲ್ಲಿ ನಿಷೇಧವಾದ ಲಾಟರಿ ಆಚೆ ದಡದಲ್ಲಿ ಸರ್ಕಾರದ್ದೇ ವ್ಯಾಪಾರ. ಸರಕಿನ ಲಾರಿಗಳು ತೆರಿಗೆಯ ಕಾಗದಪತ್ರ ಹಿಡಿದು ರಾಜ್ಯದ ಗಡಿಗಳಲ್ಲಿ ಸಾಲುಗಟ್ಟುತ್ತಿದ್ದ ಕಾಲವೂ ಬಹಳ ಹಿಂದಿನದಲ್ಲ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ ಆ ತನಿಖಾ ಠಾಣೆಗಳು ಹೋದವು. ಕಾಡಿನ ಠಾಣೆ ಮಾತ್ರ ಉಳಿದಿದೆ. ಅದು ಆನೆ, ಹುಲಿಗಳ ಸಲುವಾಗಿ.

ಈ ಎರಡು ಸೇತುವೆಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಪತ್ರಿಕೆಗಳಲ್ಲಿ ಓದುವ ಒಂದು ಕಠಿಣ ವಿಷಯ ಸುಲಭವಾಗಿ ಅರ್ಥವಾಗುತ್ತದೆ. ಹಲವು ದೇಶಗಳೋ ರಾಜ್ಯಗಳೋ ಸೇರಿ ಒಂದು ಒಕ್ಕೂಟವಾಗಿದ್ದು, ಅದರಿಂದ ಒಬ್ಬರು ಹೊರಟರೆ ಗಡಿ ಮತ್ತು ವ್ಯಾಪಾರದ ಜಗಳಗಳು ಏಕೆ ಹುಟ್ಟುತ್ತವೆ? ಹಳ್ಳಿಯಲ್ಲಿ ಹಿಸ್ಸೆಯಾದ ಮನೆಯನ್ನು ನೋಡಿದವರಿಗೆ ಅರ್ಧ ಉತ್ತರ ಗೊತ್ತೇ ಇರುತ್ತದೆ. ಹೊಲವನ್ನು ಹಗ್ಗ ಹಿಡಿದು ಅಳೆಯಬಹುದು. ಜಗಳ ಬರುವುದು ಬಾವಿಗೆ, ಬದುವಿನ ಮರಕ್ಕೆ, ಗಾಡಿ ಹೋಗುವ ದಾರಿಗೆ. ಕೂಡಿ ಬಾಳುವಾಗ ಯಾರೂ ಲೆಕ್ಕ ಹಾಕದೆ ಬಳಸುತ್ತಿದ್ದ ವಸ್ತುಗಳೇ ಇವು. ಉಳಿದರ್ಧ ಉತ್ತರ ಎಂದರೆ, ಮೊದಲು ಇಂಥ ಜಗಳವನ್ನು ತೀರಿಸುತ್ತಿದ್ದ ಮನೆಯ ಯಜಮಾನ ಈಗ ಇಬ್ಬರಿಗೂ ಯಜಮಾನನಲ್ಲ.

ಒಕ್ಕೂಟದ ಒಳಗೆ ಜಗಳವೇ ಇರುವುದಿಲ್ಲವೆಂದು ಇದರ ಅರ್ಥವಲ್ಲ. ಕಾವೇರಿಯ ವಿಷಯ ಹೇಳಿದರೆ ಸಾಕು. ನಮ್ಮ ನಾಲ್ಕು ತಾಲ್ಲೂಕುಗಳ ಹೊಳೆಗಳೆಲ್ಲ ಹೊರಗಿನಿಂದ ಹರಿದು ಬರುವವು: ಹುಣಸೂರಿನ ಲಕ್ಷ್ಮಣತೀರ್ಥವೂ, ಪಿರಿಯಾಪಟ್ಟಣವನ್ನು ತಾಗಿ ಕೆ.ಆರ್. ನಗರದ ಭತ್ತದ ಗದ್ದೆಗಳನ್ನು ತಣಿಸುವ ಕಾವೇರಿಯೂ ಕೊಡಗಿನಿಂದ; ಕೋಟೆ ತಾಲ್ಲೂಕಿನ ಕಬಿನಿ ವಯನಾಡಿನಿಂದ. ಕಬಿನಿಯ ನೀರಿನಲ್ಲಿ ಕೇರಳಕ್ಕೂ ಪಾಲುಂಟು, ಕೆಳಗಿರುವ ತಮಿಳುನಾಡಿಗೂ ಹಕ್ಕುಂಟು. 2007ರಲ್ಲಿ ನ್ಯಾಯಮಂಡಳಿ ಕೇರಳಕ್ಕೆ ಒಟ್ಟು 30 ಟಿ.ಎಂ.ಸಿ. ಹಂಚಿತು, ಅದರಲ್ಲಿ 21 ಟಿ.ಎಂ.ಸಿ. ಕಬಿನಿ ಕೊಳ್ಳದ್ದು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಕರ್ನಾಟಕದ ಪಾಲನ್ನು 270ರಿಂದ 284.75 ಟಿ.ಎಂ.ಸಿ.ಗೆ ಏರಿಸಿತು. ತೀರ್ಪು ಎಲ್ಲರಿಗೂ ಹಿಡಿಸಿತೆಂದಲ್ಲ. ಆದರೆ ತೀರ್ಪು ಕೊಡುವ ಅಧಿಕಾರ ಯಾರಿಗಿದೆ ಎಂಬುದರ ಬಗ್ಗೆ ಯಾವ ರಾಜ್ಯವೂ ತಕರಾರು ತೆಗೆಯುವಂತಿರಲಿಲ್ಲ.

2020ರ ಮಾರ್ಚ್‌ನಲ್ಲಿ ಕೊರೊನಾ ಹರಡಿದಾಗ ಗಡಿ ಎಂದರೇನೆಂಬುದು ಕೆಲವು ದಿನಗಳ ಮಟ್ಟಿಗೆ ಕಣ್ಣಿಗೆ ಕಟ್ಟಿತು. ಕರ್ನಾಟಕವು ಕೇರಳದ ಕಡೆಯ ರಸ್ತೆಗಳನ್ನು ಮಣ್ಣು ಸುರಿದು ಮುಚ್ಚಿತು. ಕಾಸರಗೋಡಿನ ರೋಗಿಗಳು ಚಿಕಿತ್ಸೆಗೆ ಮಂಗಳೂರಿನ ಆಸ್ಪತ್ರೆಗಳನ್ನು ನಂಬಿದವರು. ಅವರ ಆಂಬುಲೆನ್ಸ್‌ಗಳು ತಲಪಾಡಿಯಲ್ಲಿ ನಿಂತವು. ಭಾಷೆ, ನೆಂಟಸ್ತಿಕೆ, ಆಸ್ಪತ್ರೆ ಎಲ್ಲವೂ ಒಂದಾಗಿದ್ದ ಜನರ ನಡುವೆ ಗೆರೆ ಎದ್ದಿತು. ವಿಷಯ ಕೇರಳ ಹೈಕೋರ್ಟಿಗೆ ಹೋಯಿತು, ಅಲ್ಲಿಂದ ಸುಪ್ರೀಂ ಕೋರ್ಟಿಗೆ. ಏಪ್ರಿಲ್ 7ರ ಹೊತ್ತಿಗೆ ರೋಗಿಗಳನ್ನು ಬಿಡುವ ಕ್ರಮಕ್ಕೆ ಎರಡು ರಾಜ್ಯಗಳೂ ಕೇಂದ್ರವೂ ಒಪ್ಪಿದವು. ಕೆಲವರ ಪಾಲಿಗೆ ಅದು ತಡವಾಗಿತ್ತು ಎಂಬುದನ್ನೂ ಮರೆಯಬಾರದು. ಹೀಗಿದ್ದರೂ, ಕೇಳಲು ಒಂದು ಬಾಗಿಲಿತ್ತು.

ಆ ಬಾಗಿಲು ಇಲ್ಲವಾದರೆ? ಅದಕ್ಕೆ ಮಧ್ಯ ಏಷ್ಯಾಕ್ಕೆ ಹೋಗೋಣ. ಅಲ್ಲಿಯ ಕಿರ್ಗಿಸ್ತಾನದ ಬೆಟ್ಟಗಳಲ್ಲಿ ನರಿನ್ ನದಿಗೆ ತೊಕ್ತೊಗುಲ್ ಎಂಬ ದೊಡ್ಡ ಅಣೆಕಟ್ಟೆಯಿದೆ. ಕಬಿನಿಗೆ ವಯನಾಡು ಹೇಗೋ, ಕೆಳಗಿನ ಉಜ್ಬೇಕಿಸ್ತಾನ ಮತ್ತು ಕಜಾಕಿಸ್ತಾನದ ಹತ್ತಿ ಹೊಲಗಳಿಗೆ ಈ ಬೆಟ್ಟಗಳು ಹಾಗೆ. ಸೋವಿಯತ್ ಒಕ್ಕೂಟವಿದ್ದಾಗ ಲೆಕ್ಕವನ್ನು ಮಾಸ್ಕೋ ನೋಡಿಕೊಳ್ಳುತ್ತಿತ್ತು: ಚಳಿಗಾಲದಲ್ಲಿ ನೀರನ್ನು ಹಿಡಿದಿಡಬೇಕು, ಬೇಸಿಗೆಯಲ್ಲಿ ಹತ್ತಿಗೆ ಬಿಡಬೇಕು, ಬದಲಾಗಿ ಚಳಿಗಾಲಕ್ಕೆ ಬೇಕಾದ ಕಲ್ಲಿದ್ದಲು, ಅನಿಲಗಳು ಕೆಳಗಿನಿಂದ ಮೇಲಕ್ಕೆ ಬರುತ್ತವೆ. 1991ರ ಡಿಸೆಂಬರ್‌ನಲ್ಲಿ ಒಕ್ಕೂಟ ಒಡೆದು 15 ದೇಶಗಳಾದವು. ಕೆಳಗಿನವರು ಅನಿಲಕ್ಕೆ ಮಾರುಕಟ್ಟೆಯ ಬೆಲೆ ಕೇಳಿದರು. ಅಷ್ಟು ಹಣವಿಲ್ಲದ ಮೇಲಿನವರು ಮನೆ ಬೆಚ್ಚಗಿಡಲು ಚಳಿಗಾಲದಲ್ಲೇ ನೀರು ಬಿಟ್ಟು ವಿದ್ಯುತ್ ತೆಗೆದರು. ಪರಿಣಾಮವೇನೆಂದರೆ ಕೆಳಗೆ ಚಳಿಗಾಲದಲ್ಲಿ ನೆರೆ, ಬೇಸಿಗೆಯಲ್ಲಿ ಬರ. 1998ರಲ್ಲಿ ಒಪ್ಪಂದವೊಂದಾಯಿತಾದರೂ ಅದು ಸರಿಯಾಗಿ ನಡೆಯಲಿಲ್ಲ. ಯಾರದೂ ದುರುದ್ದೇಶವಲ್ಲ ಎಂಬುದನ್ನು ಗಮನಿಸಿ. ಇಬ್ಬರ ನಡೆಯೂ ಅವರವರ ಮಟ್ಟಿಗೆ ನ್ಯಾಯವಾದುದೇ.

ಪಕ್ಕದ ಕಿರ್ಗಿಸ್ತಾನ–ತಜಕಿಸ್ತಾನ ಗಡಿಯಲ್ಲಿ ಇದಕ್ಕಿಂತ ಕೆಟ್ಟದಾಯಿತು. ಸುಮಾರು 970 ಕಿಲೋಮೀಟರಿನ ಆ ಗಡಿ ಸೋವಿಯತ್ ಕಾಲದಲ್ಲಿ ನಕ್ಷೆಯ ಮೇಲಿನ ಆಡಳಿತದ ಗೆರೆ ಮಾತ್ರ. ಹಳ್ಳಿಗಳು, ಕಾಲುವೆಗಳು, ಹುಲ್ಲುಗಾವಲುಗಳು ಒಂದರೊಳಗೊಂದು ಹೆಣೆದುಕೊಂಡಿದ್ದವು. 2021ರ ಏಪ್ರಿಲ್‌ನಲ್ಲಿ ಕಾಲುವೆಗೆ ನೀರು ತಿರುಗಿಸುವ ಒಂದು ತೂಬಿನ ಬಳಿ ಕಲ್ಲು ತೂರಾಟದಿಂದ ಶುರುವಾದ ಜಗಳ ಸೈನ್ಯಗಳ ಗುಂಡಿನ ಕಾಳಗವಾಗಿ, ಹತ್ತಾರು ಜನ ಸತ್ತರು. ಗಡಿ ಎಲ್ಲಿದೆಯೆಂದು ಪೂರ್ತಿಯಾಗಿ ಒಪ್ಪಿ ಎರಡು ದೇಶಗಳು ಸಹಿ ಹಾಕಿದ್ದು 2025ರ ಮಾರ್ಚ್ 13ರಂದು, ಒಕ್ಕೂಟ ಒಡೆದು ಮೂವತ್ತಮೂರು ವರ್ಷ ಕಳೆದ ಮೇಲೆ.

ಈಗ ವ್ಯಾಪಾರದ ಮಾತು. ಇದಕ್ಕೆ ನಮ್ಮ ಊರಿನ ಸರಕೇ ಇದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳಲ್ಲಿ ಮುಂಗಾರಿನ ಹೊತ್ತಿಗೆ ನೆಟ್ಟ ಹೊಗೆಸೊಪ್ಪನ್ನು ಬ್ಯಾರನ್‌ಗಳಲ್ಲಿ ಬೇಯಿಸಿ, ಹಸನು ಮಾಡಿ, ಬೇಲು ಕಟ್ಟಿ ಹರಾಜು ಮಾರುಕಟ್ಟೆಗೆ ತರುವುದನ್ನು ನೀವು ಕಂಡಿದ್ದೀರಿ. (ಇದು ಆರೋಗ್ಯಕ್ಕೆ ಹಾನಿ ಮಾಡುವ ಸೊಪ್ಪು, ಅದನ್ನು ಹೊಗಳುವುದು ಇಲ್ಲಿಯ ಉದ್ದೇಶವಲ್ಲ. ಆದರೆ ಸಾವಿರಾರು ಮನೆಗಳ ಸಾಲ ತೀರುವುದು ಅದರಿಂದಲೇ ಎಂಬುದೂ ನಿಜ.) ಈ ಸೊಪ್ಪಿನ ಬಹುಪಾಲು ಹೊರದೇಶಕ್ಕೆ ಹೋಗುವಂಥದು. ತಂಬಾಕು ಮಂಡಳಿ 1976ರಲ್ಲಿ ಸ್ಥಾಪನೆಯಾಗಿ, 1984ರಲ್ಲಿ ಕರ್ನಾಟಕದಲ್ಲಿ ಹರಾಜು ಆರಂಭಿಸಿದ ಕಾಲದಲ್ಲಿ ಭಾರತದ ಚಹಾ, ಕಾಫಿ, ಹೊಗೆಸೊಪ್ಪುಗಳಿಗೆ ಸೋವಿಯತ್ ಒಕ್ಕೂಟ ಅತಿ ದೊಡ್ಡ ಗಿರಾಕಿಗಳಲ್ಲಿ ಒಂದು. ವ್ಯವಹಾರವೆಲ್ಲ ರೂಪಾಯಿಯಲ್ಲಿ: ಅವರ ಯಂತ್ರ, ಶಸ್ತ್ರ, ತೈಲದ ಲೆಕ್ಕಕ್ಕೆ ನಮ್ಮ ಸರಕಿನ ಲೆಕ್ಕ ವಜಾ. ಡಾಲರಿನ ಮಾತೇ ಇರಲಿಲ್ಲ.

ಒಕ್ಕೂಟ ಒಡೆದ ದಿನ ಕೊಳ್ಳುವ ಜನ ಎಲ್ಲಿಯೂ ಹೋಗಿರಲಿಲ್ಲ. ಅವರಿಗೆ ಸೊಪ್ಪೂ ಚಹಾವೂ ಮೊದಲಿನಂತೆಯೇ ಬೇಕಿತ್ತು. ಆದರೆ ಒಬ್ಬ ಗಿರಾಕಿಯ ಜಾಗದಲ್ಲಿ 15 ಸರ್ಕಾರಗಳು, ತಮ್ಮ ತಮ್ಮ ಸುಂಕದ ಕಟ್ಟೆಗಳು, ಕ್ರಮೇಣ ತಮ್ಮ ತಮ್ಮ ನಾಣ್ಯಗಳು. ಹಳೆಯ ಸಾಲ ಯಾರ ತಲೆಗೆ? ಅದು ರಷ್ಯಾದ ಪಾಲಿಗೆ ಬಂತು. ರೂಬಲ್ಲಿಗೆ ರೂಪಾಯಿ ಎಷ್ಟು ಎಂಬ ಚೌಕಾಶಿ ಮುಗಿದು 1993ರ ಜನವರಿಯಲ್ಲಿ ಒಪ್ಪಂದವಾಯಿತು. ಅಷ್ಟರಲ್ಲಿ ಇಲ್ಲಿಯ ರಫ್ತು ಕುಸಿದಿತ್ತು. ನಮ್ಮ ತಾಲ್ಲೂಕುಗಳಿಂದ ಕೂಲಿಗೆ ಹೋಗುವ ಕೊಡಗಿನ ಕಾಫಿ ತೋಟಗಳಿಗೂ ಅದೇ ಪೆಟ್ಟು ತಗಲಿತು. ಬೆಳೆಯನ್ನೆಲ್ಲ ಕಾಫಿ ಮಂಡಳಿಗೇ ಒಪ್ಪಿಸಬೇಕೆಂಬ ಹಳೆಯ ಪದ್ಧತಿ ಸಡಿಲವಾಗತೊಡಗಿದ್ದೂ ಆ ವರ್ಷಗಳಲ್ಲಿಯೇ. ಹೀಗೆ ಮಾಸ್ಕೋದಲ್ಲಿ ಇಳಿದ ಒಂದು ಬಾವುಟದ ಬೆಲೆಯನ್ನು ಅದನ್ನು ಎಂದೂ ನೋಡದವರು ತೆರಬೇಕಾಗುತ್ತದೆ.

ಕೆಲವೊಮ್ಮೆ ಬೇರೆಯವರ ಒಡಕು ಲಾಭವನ್ನೂ ತರುತ್ತದೆ. 1965ರ ನವೆಂಬರ್ 11ರಂದು ರೊಡೇಶಿಯಾದ ಬಿಳಿಯರ ಸರ್ಕಾರ ಬ್ರಿಟನ್ನಿನ ಒಪ್ಪಿಗೆಯಿಲ್ಲದೆ ಸ್ವತಂತ್ರವೆಂದು ಘೋಷಿಸಿಕೊಂಡಿತು. ಮರುವರ್ಷ ವಿಶ್ವಸಂಸ್ಥೆ ಅದರ ಹೊಗೆಸೊಪ್ಪನ್ನೂ ಬಹಿಷ್ಕರಿಸಿತು. ಬ್ರಿಟನ್ನಿನ ವ್ಯಾಪಾರಿಗಳು ಸೊಪ್ಪಿಗಾಗಿ ಭಾರತವೂ ಸೇರಿದಂತೆ ಬೇರೆ ದೇಶಗಳತ್ತ ನೋಡಿದರು. ಆ ರೊಡೇಶಿಯಾವೇ ಇಂದಿನ ಜಿಂಬಾಬ್ವೆ, ಹುಣಸೂರಿನ ಸೊಪ್ಪಿಗೆ ಇಂದೂ ಪ್ರತಿಸ್ಪರ್ಧಿ.

ನಮ್ಮ ಕಾಲದ ದೊಡ್ಡ ನಿದರ್ಶನ ಬ್ರಿಟನ್. 1973ರಲ್ಲಿ ಯೂರೋಪಿನ ಒಕ್ಕೂಟಕ್ಕೆ ಸೇರಿದ್ದ ಅದು 2016ರ ಜೂನ್ 23ರ ಜನಮತದಲ್ಲಿ ಶೇಕಡ 52ರಷ್ಟು ಮತದಿಂದ ಹೊರಬರಲು ತೀರ್ಮಾನಿಸಿತು. ಹೊರಬಂದದ್ದು 2020ರ ಜನವರಿ 31ರಂದು. ಹಳೆಯ ನಿಯಮಗಳು ಪೂರ್ತಿ ಮುಗಿದದ್ದು ಆ ವರ್ಷದ ಕೊನೆಯ ದಿನ. ಹಿಸ್ಸೆಯ ಲೆಕ್ಕ ಎಷ್ಟು ಸೂಕ್ಷ್ಮಕ್ಕೆ ಹೋಯಿತೆಂದರೆ, ನ್ಯೂಜಿಲೆಂಡಿನ ಕುರಿಮಾಂಸ ಸುಂಕವಿಲ್ಲದೆ ಬರಲು ಒಕ್ಕೂಟ ಕೊಟ್ಟಿದ್ದ ಸುಮಾರು 2,28,000 ಟನ್ನಿನ ಮಿತಿಯನ್ನೂ ಹೆಚ್ಚುಕಡಿಮೆ ಅರ್ಧರ್ಧ ಹಂಚಬೇಕಾಯಿತು. ನ್ಯೂಜಿಲೆಂಡ್ ಇದನ್ನು ಆಕ್ಷೇಪಿಸಿತು. ಮೊದಲು ಲಂಡನ್ನಿನಲ್ಲಿ ಬೆಲೆ ಬಿದ್ದರೆ ಮಾಂಸವನ್ನು ಪ್ಯಾರಿಸ್ಸಿಗೆ ಕಳಿಸುವ ಸ್ವಾತಂತ್ರ್ಯವಿತ್ತು. ಎರಡು ಅರ್ಧಗಳಲ್ಲಿ ಅದಿಲ್ಲ ಎಂಬುದು ಅದರ ವಾದ. ಭಾರತದ ಸರಕಿಗೂ ಇಂಥದೇ ತೊಡಕುಂಟು. ಯೂರೋಪಿನ ಬಂದರಿನಲ್ಲಿ ಸುಂಕ ಕಟ್ಟಿ ಬಿಡಿಸಿಕೊಂಡ ಸರಕನ್ನು ಹಿಂದೆ ಹಾಗೆಯೇ ಬ್ರಿಟನ್ನಿಗೆ ಸಾಗಿಸಬಹುದಿತ್ತು. 2021ರಿಂದ ಬ್ರಿಟನ್ನಿನ ಕಟ್ಟೆಯಲ್ಲಿ ಮತ್ತೆ ಲೆಕ್ಕ ಒಪ್ಪಿಸಬೇಕು; ಅವರಿಬ್ಬರ ಒಪ್ಪಂದದ ರಿಯಾಯಿತಿ ಅವರ ನೆಲದಲ್ಲಿ ತಯಾರಾದ ಸರಕಿಗೆ ಮಾತ್ರ.

ಇದೆಲ್ಲ ಹಣದ ಮಾತಾಯಿತು. ಪ್ರಾಣದ ಮಾತು ಐರ್ಲೆಂಡಿನದು. ಆ ದ್ವೀಪದ ಉತ್ತರ ಭಾಗ ಬ್ರಿಟನ್ನಿಗೆ ಸೇರಿದ್ದು, ಉಳಿದದ್ದು ಸ್ವತಂತ್ರ ದೇಶ, ಯೂರೋಪಿನ ಒಕ್ಕೂಟದ ಸದಸ್ಯ. ನಡುವೆ ಸುಮಾರು 500 ಕಿಲೋಮೀಟರ್ ಗಡಿ, ದಾಟಲು ಇನ್ನೂರಕ್ಕೂ ಹೆಚ್ಚು ರಸ್ತೆಗಳು. ಉತ್ತರದಲ್ಲಿ ಮೂವತ್ತು ವರ್ಷಗಳ ಹಿಂಸೆಯಲ್ಲಿ 3,500ಕ್ಕೂ ಹೆಚ್ಚು ಜನ ಸತ್ತಿದ್ದರು. ಗಡಿಯ ಠಾಣೆಗಳು ಬಾಂಬಿಗೆ ಗುರಿಯಾಗುತ್ತಿದ್ದವು. 1998ರ ಏಪ್ರಿಲ್ 10ರ ಒಪ್ಪಂದದ ನಂತರ ಸೈನ್ಯದ ಠಾಣೆಗಳು ಎದ್ದವು. ಸುಂಕದ ಠಾಣೆಗಳು ಯೂರೋಪಿನ ಒಂದೇ ಮಾರುಕಟ್ಟೆಯಿಂದಾಗಿ 1993ರಲ್ಲಿಯೇ ಹೋಗಿದ್ದವು. ಗಡಿ ನಮ್ಮ ಕೊಪ್ಪದ ಸೇತುವೆಯಂತಾಯಿತು.

ಬ್ರಿಟನ್ ಹೊರಬಂದಾಗ ಸರಕನ್ನು ಎಲ್ಲಿಯಾದರೂ ತಪಾಸಣೆ ಮಾಡಲೇಬೇಕಾಯಿತು. ನೆಲದ ಗಡಿಯಲ್ಲಿ ಮಾಡಿದರೆ ಶಾಂತಿಗೆ ಧಕ್ಕೆ. ಸಮುದ್ರದ ಬಂದರುಗಳಲ್ಲಿ ಮಾಡಿದರೆ ಬ್ರಿಟನ್ ತನ್ನದೇ ಒಂದು ಭಾಗಕ್ಕೆ ಸುಂಕದ ಗೆರೆ ಎಳೆದಂತೆ. ಎಲ್ಲಿಯೂ ಬೇಡವೆಂದರೆ ಇಡೀ ಬ್ರಿಟನ್ ಯೂರೋಪಿನ ನಿಯಮಗಳನ್ನೇ ಪಾಲಿಸಬೇಕು, ಹಾಗಿದ್ದರೆ ಹೊರಬಂದದ್ದೇತಕ್ಕೆ? ನಾಲ್ಕನೆಯ ದಾರಿ ಯಾರಿಗೂ ತೋಚಲಿಲ್ಲ. ಕೊನೆಗೆ ಆರಿಸಿದ್ದು ಸಮುದ್ರದ ಗೆರೆ. ಇಂಗ್ಲೆಂಡಿನ ಹಸಿ ಮಾಂಸದ ತಿನಿಸು ಬೆಲ್‌ಫಾಸ್ಟಿನ ಅಂಗಡಿಗೆ ಹೋಗಬಹುದೇ ಎಂಬುದು 2021ರಲ್ಲಿ ಪ್ರಧಾನಿಗಳ ಮಟ್ಟದ ಜಗಳವಾಯಿತು. ಬ್ರಿಟನ್ನಿನ ಜೊತೆಗೇ ಇರಬೇಕೆನ್ನುವ ಪಕ್ಷವೊಂದು ಪ್ರತಿಭಟಿಸಿದ್ದರಿಂದ 2022ರ ಫೆಬ್ರವರಿಯಿಂದ ಎರಡು ವರ್ಷ ಉತ್ತರ ಐರ್ಲೆಂಡಿನಲ್ಲಿ ಚುನಾಯಿತ ಸರ್ಕಾರವೇ ನಡೆಯಲಿಲ್ಲ. ಅವರ ದೂರು ತಪಾಸಣೆಯ ಬಗ್ಗೆ ಮಾತ್ರವಾಗಿರಲಿಲ್ಲ. ತಾವು ಮತ ಹಾಕದ ಶಾಸನಸಭೆ ಮಾಡಿದ ನಿಯಮಕ್ಕೆ, ತಾವು ಬಿಟ್ಟುಬಂದ ಒಕ್ಕೂಟದ ನ್ಯಾಯಾಲಯದ ಅರ್ಥವಿವರಣೆಗೆ ತಾವೇಕೆ ತಲೆಬಾಗಬೇಕು ಎಂಬುದು ಅದರ ಒಳಗಿನ ಪ್ರಶ್ನೆ. ಸರಕಿನ ಜಗಳವೆಂದು ಕಂಡದ್ದರ ಬುಡದಲ್ಲಿ ಇದ್ದದ್ದು ಯಜಮಾನ ಯಾರೆಂಬ ಜಗಳವೇ.

2023ರ ಫೆಬ್ರವರಿ 27ರಂದು ವಿಂಡ್ಸರ್‌ನಲ್ಲಿ ರಾಜಿಯಾಯಿತು. ಉತ್ತರ ಐರ್ಲೆಂಡಿನಲ್ಲಿಯೇ ಉಳಿಯುವ ಸರಕಿಗೆ ಹಸಿರು ಸಾಲು, ಗಡಿ ದಾಟಿ ಒಕ್ಕೂಟದೊಳಗೆ ಹೋಗಬಹುದಾದ ಸರಕಿಗೆ ಕೆಂಪು ಸಾಲು. ಹಸಿರು ಸಾಲಿನಲ್ಲಿ ಬರುವ ಹಾಲು, ಮಾಂಸದ ಪೊಟ್ಟಣಗಳ ಮೇಲೆ ಇದು ಯೂರೋಪಿನ ಒಕ್ಕೂಟಕ್ಕಲ್ಲ ಎಂದು ಮುದ್ರಿಸಿರುತ್ತಾರೆ. ಕೊಂಡವರು ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡು, ಯಾವ ಠಾಣೆಯೂ ಇಲ್ಲದ ರಸ್ತೆಯಲ್ಲಿ ಗಡಿ ದಾಟಿ ಮನೆಗೆ ಹೋಗುತ್ತಾರೆ.