ಅರವತ್ತು ಡಿಗ್ರಿಯಲ್ಲಿ ದುಡಿಯುವ ಕಿಣ್ವಗಳು

1987ರ ಮಾರ್ಚ್‌ನಲ್ಲಿ ಅಮೆರಿಕ ಸರ್ಕಾರ ಏಡ್ಸ್ ರೋಗದ ಮೊಟ್ಟಮೊದಲ ಔಷಧಕ್ಕೆ ಒಪ್ಪಿಗೆ ಕೊಟ್ಟಿತು. ಹೆಸರು ಎಜೆಡ್‌ಟಿ. ಬೆಲೆ ಕೇಳಿದ ರೋಗಿಗಳು ಅದೇ ತಿಂಗಳು ನ್ಯೂಯಾರ್ಕಿನ ವಾಲ್‌ಸ್ಟ್ರೀಟಿನಲ್ಲಿ ಬೀದಿಗಿಳಿದರು. ಒಬ್ಬರಿಗೆ ವರ್ಷಕ್ಕೆ 8ರಿಂದ 10 ಸಾವಿರ ಡಾಲರ್ ಬೇಕಿತ್ತು! ತಯಾರಕರ ಲಾಭದ ಲೆಕ್ಕ ಒಂದೆಡೆ ಇರಲಿ, ಅದರ ಕಚ್ಚಾ ಸಾಮಗ್ರಿಯ ಕಥೆಯೇ ವಿಚಿತ್ರ. ಎಜೆಡ್‌ಟಿ ಮಾಡಲು ಥೈಮಿಡಿನ್ ಬೇಕು. ಅಂದು ಆ ಥೈಮಿಡಿನ್ ಬರುತ್ತಿದ್ದದ್ದು ಹೆರಿಂಗ್ ಮೀನಿನ ವೀರ್ಯದಿಂದ. ಒಂದು ಜಗದ್ವ್ಯಾಪಿ ರೋಗಕ್ಕೆ ಮದ್ದು ಮಾಡಲು ಮೀನುಗಾರರ ಬಲೆಯನ್ನು ಕಾಯಬೇಕಾದ ಸ್ಥಿತಿ.

ಥೈಮಿಡಿನ್ ಒಂದು ನ್ಯೂಕ್ಲಿಯೊಸೈಡ್. ಅಡೆನಿನ್, ಗ್ವಾನಿನ್, ಥೈಮಿನ್‌ನಂಥ ಒಂದು ಪ್ರತ್ಯಾಮ್ಲಕ್ಕೆ ಐದು ಇಂಗಾಲದ ಸಕ್ಕರೆಯೊಂದು ಅಂಟಿಕೊಂಡರೆ ನ್ಯೂಕ್ಲಿಯೊಸೈಡ್ ಆಯಿತು. ವೈರಸ್ಸಾಗಲಿ ಕ್ಯಾನ್ಸರ್ ಕೋಶವಾಗಲಿ ತನ್ನ ಸಂತಾನ ಬೆಳೆಸಲು ಇವನ್ನೇ ಪೋಣಿಸಿ ಡಿಎನ್‌ಎ, ಆರ್‌ಎನ್‌ಎ ಕಟ್ಟಿಕೊಳ್ಳಬೇಕು. ಕೊಂಚ ತಿದ್ದಿದ ನಕಲಿ ನ್ಯೂಕ್ಲಿಯೊಸೈಡ್ ಸಿಕ್ಕಿದರೆ ಆ ಕಟ್ಟುವ ಕೆಲಸ ಕೆಡುತ್ತದೆ. ಎಚ್‌ಐವಿಗೆ ಕೊಡುವ ಲ್ಯಾಮಿವುಡಿನ್, ರಕ್ತದ ಕ್ಯಾನ್ಸರಿನ ಸೈಟರಾಬಿನ್, ಸರ್ಪಸುತ್ತಿಗೆ ವೈದ್ಯರು ಬರೆಯುವ ಎಸೈಕ್ಲೊವಿರ್, 2021ರಲ್ಲಿ ನಮ್ಮ ಜನ ಊರೂರು ಅಲೆದು ಹುಡುಕಿದ ರೆಮ್‌ಡೆಸಿವಿರ್ ಎಲ್ಲವೂ ಈ ಕುಲದವೇ.

ಇವನ್ನು ರಸಾಯನಶಾಲೆಯಲ್ಲಿ ಕಟ್ಟುವುದು ಸಲೀಸಲ್ಲ. ಸಕ್ಕರೆಯ ಅಣುವಿನಲ್ಲಿ ಒಂದೇ ಬಗೆಯ ಹೈಡ್ರಾಕ್ಸಿಲ್ ಗುಂಪುಗಳು ಹಲವು. ಬೇಡದ ಕಡೆ ಪ್ರತಿಕ್ರಿಯೆ ನಡೆಯದಂತೆ ಒಂದೊಂದನ್ನೂ ಮುಚ್ಚಬೇಕು, ಕೆಲಸ ಮುಗಿದ ಮೇಲೆ ಮತ್ತೆ ತೆರೆಯಬೇಕು. ಇಷ್ಟಾದರೂ ಪ್ರತ್ಯಾಮ್ಲ ಸಕ್ಕರೆಯ ಯಾವ ಮಗ್ಗುಲಿಗೆ ಅಂಟುತ್ತದೆ ಎಂಬ ಖಾತ್ರಿಯಿಲ್ಲ. ಮೇಲ್ಮಗ್ಗುಲಿನದು ಬೇಕಾದದ್ದು. ಕೆಳಮಗ್ಗುಲಿನದೂ ಜೊತೆಗೆ ಹುಟ್ಟಿದರೆ ಅದನ್ನು ಬೇರ್ಪಡಿಸುವುದೇ ಇನ್ನೊಂದು ಉದ್ಯೋಗ.

ಜೀವಕೋಶ ಮಾತ್ರ ಇದೇ ಕೆಲಸವನ್ನು ನೀರಿನಲ್ಲಿ, ಒಂದೇ ಮಗ್ಗುಲಿಗೆ, ತಪ್ಪದೆ ಮಾಡುತ್ತದೆ. ಡೆನ್ಮಾರ್ಕಿನ ಜೀವರಸಾಯನ ವಿಜ್ಞಾನಿ ಹರ್ಮನ್ ಕಾಲ್ಕರ್ 1940ರ ದಶಕದ ಮಧ್ಯದಲ್ಲಿ ಇಲಿಯ ಯಕೃತ್ತಿನ ಸಾರದಲ್ಲಿ ಇದರ ಗುಟ್ಟನ್ನು ಕಂಡರು. ಅಲ್ಲಿದ್ದ ಫಾಸ್ಫೊರೈಲೇಸ್ ಎಂಬ ಕಿಣ್ವ ನ್ಯೂಕ್ಲಿಯೊಸೈಡಿನ ಪ್ರತ್ಯಾಮ್ಲವನ್ನು ಕಿತ್ತು, ಆ ಜಾಗದಲ್ಲಿ ಫಾಸ್ಫೇಟನ್ನು ಕೂರಿಸುತ್ತಿತ್ತು. ಉಳಿಯುತ್ತಿದ್ದದ್ದು ರೈಬೋಸ್-1-ಫಾಸ್ಫೇಟ್ ಎಂಬ ಸಕ್ಕರೆ. ಸ್ವಾರಸ್ಯ ಇರುವುದು ಮುಂದೆ. ಈ ಕ್ರಿಯೆ ಹಿಂದಕ್ಕೂ ನಡೆಯುತ್ತದೆ. ಅಂದರೆ ಅಗ್ಗದ ನ್ಯೂಕ್ಲಿಯೊಸೈಡಿನಿಂದ ಸಕ್ಕರೆಯನ್ನು ಬಿಡಿಸಿ, ಅದೇ ಪಾತ್ರೆಯಲ್ಲಿ ಬೇರೆ ಪ್ರತ್ಯಾಮ್ಲಕ್ಕೆ ಕಟ್ಟಿ ದುಬಾರಿಯದನ್ನು ಮಾಡಬಹುದು. ದೊಡ್ಡ ಪ್ರಮಾಣದಲ್ಲಿ ಈ ದಾರಿ ಹಿಡಿಯುವ ಹೊತ್ತಿಗೆ ಮೂರು ದಶಕಕ್ಕೂ ಹೆಚ್ಚು ಕಾಲ ಕಳೆದಿತ್ತು. ಎಜೆಡ್‌ಟಿಯನ್ನು ಮಾರುಕಟ್ಟೆಗೆ ತಂದ ಬರೋಸ್ ವೆಲ್ಕಮ್ ಕಂಪನಿಯಲ್ಲೇ ಥಾಮಸ್ ಕ್ರೆನಿಟ್‌ಸ್ಕಿ ಮತ್ತು ಸಂಗಡಿಗರು 1981ರಲ್ಲಿ ಇ. ಕೋಲೈ ಬ್ಯಾಕ್ಟೀರಿಯಾದ ಇಂಥ ಎರಡು ಕಿಣ್ವಗಳನ್ನು ಜೋಡಿಸಿ ನ್ಯೂಕ್ಲಿಯೊಸೈಡ್ ಮಾಡುವ ವಿಧಾನ ಪ್ರಕಟಿಸಿದರು.

ಈ ಕಥೆಗೆ ಬಿಸಿಯ ಪ್ರವೇಶವಾದದ್ದು ಜಪಾನಿನಲ್ಲಿ. ಅದೂ ಗೋಬಿ ಮಂಚೂರಿ ಗಾಡಿಯ ಮುಂದೆ ನಾವೆಲ್ಲ ಬೈದುಕೊಳ್ಳುವ ಅಜಿನೊಮೊಟೊ ಕಂಪನಿಯಲ್ಲಿ! ಅಡುಗೆಗೆ ರುಚಿ ಕೊಡುವ ಐನೊಸಿನೇಟ್, ಗ್ವಾನಿಲೇಟ್‌ಗಳೂ ನ್ಯೂಕ್ಲಿಯೊಸೈಡಿನ ಹತ್ತಿರದ ಬಂಧುಗಳೇ. ಹಾಗಾಗಿ ಮಸಾಲೆ ವ್ಯಾಪಾರದ ಈ ಮಂದಿಗೆ ವಿಷಯ ಹೊಸದಾಗಿರಲಿಲ್ಲ. 1980ರ ಸುಮಾರಿಗೆ ಅಲ್ಲಿನ ಉಟಗಾವಾ ತಂಡ ಹರ್ಪಿಸ್ ವೈರಸ್ಸಿಗೆ ಕೊಡುವ ವಿಡಾರಾಬಿನ್ ಎಂಬ ಔಷಧವನ್ನು ಬ್ಯಾಕ್ಟೀರಿಯಾದಿಂದ ಮಾಡಿಸಲು ಹೊರಟಿತು. ಎಂಟರೊಬ್ಯಾಕ್ಟರ್ ಎರೊಜಿನಿಸ್ ಎಂಬ ಸಾಮಾನ್ಯ ಬ್ಯಾಕ್ಟೀರಿಯಾದಲ್ಲಿ ಬೇಕಾದ ಫಾಸ್ಫೊರೈಲೇಸ್‌ಗಳಿದ್ದವು. ತೊಡಕೆಂದರೆ ಅದೇ ಕೋಶದಲ್ಲಿ ಡಿಅಮಿನೇಸ್ ಎಂಬ ಇನ್ನೊಂದು ಕಿಣ್ವವೂ ಇತ್ತು. ಮೊದಲನೆಯದು ಔಷಧ ಕಟ್ಟುತ್ತಿದ್ದಂತೆ ಎರಡನೆಯದು ಅದನ್ನು ಕೆಡಿಸುತ್ತಿತ್ತು. ಪರಿಹಾರ ಸರಳವಾಗಿತ್ತು: ಬಿಸಿಯನ್ನು 60 ಡಿಗ್ರಿ ಸೆಲ್ಸಿಯಸ್‌ಗೆ ಏರಿಸುವುದು. ಆ ಶಾಖಕ್ಕೆ ಡಿಅಮಿನೇಸ್ ನಿಷ್ಕ್ರಿಯವಾಯಿತು, ಫಾಸ್ಫೊರೈಲೇಸ್‌ಗಳು ತಾಳಿಕೊಂಡವು. ಗಮನಿಸಿ, ಇದು ಬಿಸಿಲೋಕದ ಬ್ಯಾಕ್ಟೀರಿಯಾ ಅಲ್ಲವೇ ಅಲ್ಲ. ಅದರ ಒಂದೆರಡು ಕಿಣ್ವಗಳು ಗಟ್ಟಿಯಾಗಿದ್ದವು, ಅಷ್ಟೇ. ಕೆಲಸಕ್ಕೆ ಬಿಸಿ ಬೇಕಾದದ್ದು ವೇಗಕ್ಕಲ್ಲ, ಕಿಡಿಗೇಡಿಯನ್ನು ಹೊರಗಟ್ಟಲು.

ಹುಟ್ಟಿನಿಂದಲೇ ಬಿಸಿಯಲ್ಲಿ ಬಾಳುವ ಜೀವಿಯ ಕಿಣ್ವ ಸಿಕ್ಕಿದರೆ ಇನ್ನೂ ಒಳ್ಳೆಯದಲ್ಲವೇ? ಬಿಸಿಪ್ರಿಯ ಬ್ಯಾಕ್ಟೀರಿಯಾ ಎಂದೊಡನೆ ಎಲ್ಲರೂ ಅಮೆರಿಕದ ಯೆಲ್ಲೋಸ್ಟೋನ್ ಕಥೆ ಹೇಳುತ್ತಾರೆ. ಥಾಮಸ್ ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ 1966ರಲ್ಲಿ ಅಲ್ಲಿನ ಬಿಸಿನೀರಿನ ಬುಗ್ಗೆಯಿಂದ ಥರ್ಮಸ್ ಅಕ್ವಾಟಿಕಸ್ ಬೆಳೆಸಿದ್ದು, ಅದರ ಕಿಣ್ವದಿಂದ ಪಿಸಿಆರ್ ಪರೀಕ್ಷೆ ಸಲೀಸಾದದ್ದು ಪಠ್ಯಪುಸ್ತಕ ಸೇರಿವೆ. ನ್ಯೂಕ್ಲಿಯೊಸೈಡಿನ ಮಟ್ಟಿಗೆ ನಾನು ಮೊದಲ ಮಣೆ ಹಾಕುವುದು ಯೆಲ್ಲೋಸ್ಟೋನಿಗಲ್ಲ, ಕೆಟ್ಟುಹೋದ ಮೆಕ್ಕೆಜೋಳದ ಡಬ್ಬಿಗೆ. 1920ರಲ್ಲಿ ಡಾಂಕ್ ಎಂಬ ವಿಜ್ಞಾನಿ ಹುಳಿಬಂದ ಡಬ್ಬಿಗಳ ಮೆಕ್ಕೆಜೋಳ, ಹುರುಳಿಕಾಯಿಗಳಲ್ಲಿ ಒಂದು ಮೊಂಡು ಬ್ಯಾಕ್ಟೀರಿಯಾ ಕಂಡು ಅದಕ್ಕೆ ಬ್ಯಾಸಿಲಸ್ ಸ್ಟಿಯರೊಥರ್ಮೊಫಿಲಸ್ ಎಂದು ಹೆಸರಿಟ್ಟರು. ಈಗಿನ ಹೆಸರು ಜಿಯೊಬ್ಯಾಸಿಲಸ್. ಅದರ ಬೀಜಾಣುಗಳು ಎಷ್ಟು ಹಟಮಾರಿ ಎಂದರೆ, ಆಸ್ಪತ್ರೆಯ ಆಟೋಕ್ಲೇವ್ 121 ಡಿಗ್ರಿಯಲ್ಲಿ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಇಂದಿಗೂ ಇವನ್ನೇ ಒಳಗಿಟ್ಟು ಪರೀಕ್ಷಿಸುತ್ತಾರೆ. ಇವು ಸತ್ತರೆ ಉಳಿದವೂ ಸತ್ತಂತೆ.

ಎಜೆಡ್‌ಟಿ ಬಂದ ಎರಡೇ ವರ್ಷಕ್ಕೆ, 1989ರಲ್ಲಿ, ಜಪಾನಿನ ಹೋರಿ ಮತ್ತು ಸಂಗಡಿಗರು ಇದೇ ಜಾತಿಯ ಜೆಟಿಎಸ್ 859 ಎಂಬ ತಳಿಯಿಂದ 5-ಮೀಥೈಲ್‌ಯೂರಿಡಿನ್ ತಯಾರಿಸಿ ತೋರಿಸಿದರು. ಥೈಮಿಡಿನ್, ಎಜೆಡ್‌ಟಿ, ಸ್ಟಾವುಡಿನ್‌ಗಳನ್ನು ಇದರಿಂದ ಮುಂದೆ ಕಟ್ಟಬಹುದು. ಮೀನಿನ ಹಂಗು ತಪ್ಪಿಸುವ ದಾರಿ ಇದು. ಆಮೇಲೆ ಎಚ್‌ಐವಿಯಿಂದ ತತ್ತರಿಸಿದ ದಕ್ಷಿಣ ಆಫ್ರಿಕಾದ ವಿಜ್ಞಾನಿಗಳೂ ಬೇರೆ ಬ್ಯಾಕ್ಟೀರಿಯಾಗಳ ಕಿಣ್ವ ಹಿಡಿದು ಇದೇ ವಸ್ತುವಿನ ಬೆನ್ನು ಬಿದ್ದರು.

5-ಮೀಥೈಲ್‌ಯೂರಿಡಿನ್ ತಯಾರಾಗುವ ಪಾತ್ರೆಯೊಳಗೆ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಾಕುವುದು ಗ್ವಾನೊಸಿನ್, ಥೈಮಿನ್, ಚೂರು ಫಾಸ್ಫೇಟ್ ಮತ್ತು ಕಿಣ್ವಗಳು. ಗ್ವಾನೊಸಿನ್ ತಣ್ಣೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಬಿಸಿಯಲ್ಲಿ ಹೆಚ್ಚು ಕರಗುತ್ತದೆ. ಕಿಣ್ವ ಅದರಿಂದ ಗ್ವಾನಿನ್ ಕಿತ್ತು ಸಕ್ಕರೆ ಬಿಡಿಸುತ್ತದೆ. ಆ ಸಕ್ಕರೆಯನ್ನು ಇನ್ನೊಂದು ಕಿಣ್ವ ಥೈಮಿನ್‌ಗೆ ಕಟ್ಟುತ್ತದೆ. ಹಿಂದಕ್ಕೂ ಮುಂದಕ್ಕೂ ನಡೆಯುವ ಕ್ರಿಯೆ ಅರ್ಧ ದಾರಿಯಲ್ಲಿ ನಿಂತುಬಿಡಬೇಕಿತ್ತು. ಆದರೆ ಬೇರ್ಪಟ್ಟ ಗ್ವಾನಿನ್ ನೀರಿನಲ್ಲಿ ಕರಗುವುದೇ ಇಲ್ಲವೆನ್ನುವಷ್ಟು ಕಡಿಮೆ. ಅದು ಬಿಳಿ ಗಸಿಯಾಗಿ ತಳ ಸೇರುತ್ತದೆ. ತಳ ಸೇರಿದ್ದು ಮರಳಿ ಕಟ್ಟಿಕೊಳ್ಳಲು ಬರುವುದಿಲ್ಲವಾದ್ದರಿಂದ ಕ್ರಿಯೆ ಮುಂದಕ್ಕೇ ಸಾಗುತ್ತದೆ. ಮೀನಿನ ಹೊಳಪಿಗೆ ಕಾರಣವೂ ಇದೇ ಗ್ವಾನಿನ್ ಹರಳು. ಮೀನಿನಿಂದ ಬಿಡಿಸಿಕೊಂಡೆವು ಎನ್ನುವಷ್ಟರಲ್ಲಿ ಮೀನಿನದೇ ವಸ್ತು ತಳದಲ್ಲಿ ಕೂತು ಸಹಾಯ ಮಾಡುತ್ತಿದೆ!

ಜೀನ್ ತಂತ್ರಜ್ಞಾನ ಬಂದ ಮೇಲೆ ಬಿಸಿ ಬ್ಯಾಕ್ಟೀರಿಯಾವನ್ನೇ ಸಾಕುವ ಕಷ್ಟವೂ ತಪ್ಪಿತು. ಜಪಾನಿನ ಇಝು ಪ್ರಾಂತದ ಬುಗ್ಗೆಯಲ್ಲಿ ಸಿಕ್ಕ ಥರ್ಮಸ್ ಥರ್ಮೊಫಿಲಸ್‌ನ ಫಾಸ್ಫೊರೈಲೇಸ್ 80 ಡಿಗ್ರಿಯಲ್ಲೂ ಕೆಲಸ ಮಾಡುತ್ತದೆ. ಬರ್ಲಿನ್ ತಾಂತ್ರಿಕ ವಿಶ್ವವಿದ್ಯಾಲಯದ ಪೀಟರ್ ನಾಯ್‌ಬಾವರ್ ತಂಡ ಇಂಥ ಕಿಣ್ವಗಳ ಮೇಲೆ ವರ್ಷಗಟ್ಟಲೆ ದುಡಿದಿದೆ. ಇಂಥ ಕಿಣ್ವದ ಜೀನನ್ನು ಇ. ಕೋಲೈಗೆ ಸೇರಿಸಿ, ಮಾಮೂಲಿ ಶಾಖದಲ್ಲಿ ಬೆಳೆಸಿ, ಕೋಶಗಳನ್ನು ಒಡೆದು ಸಾರವನ್ನು ಬಿಸಿ ಮಾಡಿದರೆ ಇ. ಕೋಲೈನ ಸ್ವಂತ ಪ್ರೋಟೀನುಗಳು ಒಡೆದ ಹಾಲಿನಂತೆ ಗಡ್ಡೆಕಟ್ಟುತ್ತವೆ. ಬೇಕಾದ ಕಿಣ್ವ ಮಾತ್ರ ತಿಳಿನೀರಿನಲ್ಲಿ ಉಳಿಯುತ್ತದೆ. ಶುದ್ಧೀಕರಣದ ದುಬಾರಿ ಖರ್ಚಿನಲ್ಲಿ ಬಹುಪಾಲು ಅಲ್ಲಿಗೇ ಉಳಿತಾಯ.

ಹಾಗೆಂದು ಇದು ಸಕಲ ರೋಗಕ್ಕೂ ಮದ್ದಲ್ಲ. ಫಾಸ್ಫೊರೈಲೇಸ್‌ಗಳಿಗೆ ಸಕ್ಕರೆಯ ವಿಷಯದಲ್ಲಿ ಬಹಳ ಮಡಿ. ಔಷಧಕ್ಕೆ ಬೇಕಾದ ತಿದ್ದಿದ ಸಕ್ಕರೆಗಳನ್ನು ಹಲವು ಕಿಣ್ವಗಳು ಮುಟ್ಟುವುದೇ ಇಲ್ಲ. ಅಲ್ಲಿ ಕಿಣ್ವವನ್ನೇ ತಿದ್ದಬೇಕು. 2019ರಲ್ಲಿ ಮರ್ಕ್ ಕಂಪನಿ ಇಸ್ಲಾಟ್ರಾವಿರ್ ಎಂಬ ಎಚ್‌ಐವಿ ಔಷಧವನ್ನು ಒಂಬತ್ತು ಕಿಣ್ವಗಳ ಸರಣಿಯಿಂದ ಕಟ್ಟಿತು. ಅವುಗಳಲ್ಲಿ ಐದನ್ನು ಪ್ರಯೋಗಶಾಲೆಯಲ್ಲಿ ತಿದ್ದಿ ತೀಡಲಾಗಿತ್ತು. ಸಿಕ್ಕ ಇಳುವರಿ 51 ಪ್ರತಿಶತ, ಹಂತಗಳು ಹಳೆಯ ವಿಧಾನಗಳ ಅರ್ಧಕ್ಕಿಂತ ಕಡಿಮೆ. ಇನ್ನು ಬಿಸಿಬುಗ್ಗೆಗಳ ಹುಡುಕಾಟ ಯಾಕೆ ಎಂದು ಇದನ್ನು ನೋಡಿದವರು ಕೇಳಬಹುದು. ಕಿಣ್ವ ತಿದ್ದುವ ಕಲೆಗೆ 2018ರ ನೊಬೆಲ್ ಪಡೆದ ಫ್ರಾನ್ಸಿಸ್ ಅರ್ನಾಲ್ಡ್ ಅವರ ತಂಡ 2006ರಲ್ಲೇ ಇದಕ್ಕೆ ಉತ್ತರ ಕೊಟ್ಟಿದೆ. ತಿದ್ದುಪಡಿಗಳಲ್ಲಿ ಹೆಚ್ಚಿನವು ಪ್ರೋಟೀನನ್ನು ಸಡಿಲಗೊಳಿಸುತ್ತವೆ. ಮೊದಲೇ ಗಟ್ಟಿಯಾಗಿರುವ ಪ್ರೋಟೀನ್ ಅವನ್ನು ಹೆಚ್ಚು ತಾಳಿಕೊಂಡು ಹೊಸ ಕೆಲಸ ಕಲಿಯುತ್ತದೆ. ಹಾಗಾಗಿ ಕಿಣ್ವವನ್ನು ತಿದ್ದಲು ಹೊರಟವರೂ ಬಿಸಿ ತಾಳುವ ಕಿಣ್ವದಿಂದಲೇ ಆರಂಭಿಸುವುದು ಜಾಣತನ.